ಕಾಯ, ಕಾಯಕ ಮತ್ತು ವಿದ್ಯಾರ್ಥಿಯ ಮನಸ್ಸು

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಸಲ್ಲಿಸಿದ ಉಪನ್ಯಾಸ)



ಕಾಯಕವೆಂಬ ಶಬ್ದವು ಶರಣಧರ್ಮವನ್ನು ಬಲ್ಲ ಪ್ರತಿಯೊಬ್ಬನ ನಾಲಗೆಯ ಮೇಲೆಯೂ ಇರುವದು. ಆದರೆ ಆ ಶಬ್ದದೊಳಗೆ ಅಡಗಿರುವ ಮತ್ತೊಂದು ಶಬ್ದವನ್ನು ಕಿವಿಗೊಟ್ಟು ಕೇಳುವವರು ವಿರಳ. ಆ ಶಬ್ದವು ಕಾಯ. ಕಾಯವನ್ನು ಬಿಟ್ಟು ಕಾಯಕವು ಹುಟ್ಟಲಿಲ್ಲ. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದನು. ಅಂಬಿಗರ ಚೌಡಯ್ಯನು ಹುಟ್ಟು ಹಾಕಿ ದೋಣಿ ನಡೆಸಿದನು. ಅವರಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯನು ಮಗ್ಗದ ಮುಂದೆ ಕುಳಿತು ನೆಯ್ದನು. ಆಯ್ದಕ್ಕಿ ಮಾರಯ್ಯನು ಬಾಗಿ ಬಾಗಿ ಅಕ್ಕಿಯನ್ನು ಆಯ್ದನು. ಹಗಲು ಮೈಮುರಿದು ದುಡಿದ ಇದೇ ಜನರು ಅನುಭವಮಂಟಪದ ಪರಂಪರೆಯಲ್ಲಿ ಅತಿಸೂಕ್ಷ್ಮವಾದ ತತ್ತ್ವವನ್ನು ನುಡಿದವರೆಂಬದನ್ನು ಮರೆಯಲಾಗದು. ದೇಹದ ದುಡಿಮೆಯು ಅವರ ಬುದ್ಧಿಯನ್ನು ಮಂಕುಗೊಳಿಸಲಿಲ್ಲ; ಬುದ್ಧಿಯ ಸಾಧನೆಯು ಅವರ ದೇಹವನ್ನು ಸೋಮಾರಿಯನ್ನಾಗಿ ಮಾಡಲಿಲ್ಲ. ಇಂದಿನ ವಿದ್ಯಾರ್ಥಿಯಾದರೋ ವಿದ್ಯೆಯ ಹೆಸರಿನಲ್ಲಿಯೇ ಕಾಯವನ್ನು ಮರೆತಿರುವನು. ಮರೆತ ಕಾಯದ ಹೊರೆಯು ಅವನ ಮನಸ್ಸಿನ ಮೇಲೆ ಬಿದ್ದಿರುವದು. ಈ ಮಾತನ್ನು ವಿಚಾರಿಸುವದೇ ಈ ಉಪನ್ಯಾಸದ ಉದ್ದೇಶವು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಪ್ರದೇಶವು ಮೈಗಳ್ಳರ ನಾಡೆಂದು ಎಂದೂ ಹೆಸರಾಗಲಿಲ್ಲ. ಊರೂರಿಗೆ ಗರಡಿಮನೆಗಳಿದ್ದವು. ಜಾತ್ರೆಯೆಂದರೆ ತೇರಿನೊಡನೆ ಕುಸ್ತಿಯ ಕಣವೂ, ಸಂಗ್ರಾಣಿ ಕಲ್ಲನ್ನು ಎತ್ತುವ ಪಂದ್ಯವೂ ಇರಲೇಬೇಕು. ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1912ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದ ಮೇಲೆ ಆ ಕೆಂಪು ಮಣ್ಣಿನ ಕೀರ್ತಿಯು ಕೃಷ್ಣೆ ಘಟಪ್ರಭೆಗಳ ದಡಗಳಿಗೂ ಹಬ್ಬಿತು. ವಿಜಯಪುರ ಬಾಗಲಕೋಟೆ ಜಿಲ್ಲೆಗಳ ತರುಣರು ಸೈಕಲ್ ಓಟದಲ್ಲಿ ರಾಜ್ಯಕ್ಕೆ ಹೆಸರು ತಂದಿರುವದೂ ಸರ್ವವಿದಿತವೇ ಆಗಿರುವದು. ಗರಡಿಗೆ ಹೋಗದವನಿಗೂ ಶ್ರಮವು ತಪ್ಪುತ್ತಿರಲಿಲ್ಲ. ರಬಕವಿ ಬನಹಟ್ಟಿಗಳ ಕೈಮಗ್ಗದಲ್ಲಿ ಕೈ ಲಾಳಿಯನ್ನು ಓಡಿಸುತ್ತಿತ್ತು, ಕಾಲು ಹಲಗೆಯನ್ನು ತುಳಿಯುತ್ತಿತ್ತು. ಹೊಲದಲ್ಲಿ ಬೆನ್ನು ಬಾಗುತ್ತಿತ್ತು. ಮನೆಯಲ್ಲಿ ತಾಯಿಯು ಬೀಸುವ ಕಲ್ಲಿನ ಮುಂದೆ ಕುಳಿತು ಬೆಳಗು ಮಾಡುತ್ತಿದ್ದಳು.

ಇದೇ ನಾಡಿಗೆ ವಿದ್ಯೆಯ ಹಸಿವೂ ಕಡಿಮೆಯಾಗಿರಲಿಲ್ಲ. ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು ಹತ್ತನೆಯ ಶತಮಾನದಲ್ಲಿಯೇ ಓದಿಗಾಗಿ ಊರು ಬಿಟ್ಟು ಶ್ರವಣಬೆಳಗೊಳದವರೆಗೆ ಹೋದನು. ತರುವಾಯ ಚಾಲುಕ್ಯರ ಆಸ್ಥಾನದ ಮಹಾಕವಿಯಾದನು. ಗುರುದೇವ ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಜನಿಸಿ ತತ್ತ್ವಶಾಸ್ತ್ರದಲ್ಲಿ ದೇಶಕ್ಕೆ ಮಾನ್ಯರಾದರು. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ. ಡಿ. ಜತ್ತಿಯವರು 1974ರಲ್ಲಿ ಭಾರತದ ಉಪರಾಷ್ಟ್ರಪತಿಗಳಾದರು. ವಚನಪಿತಾಮಹ ಫ. ಗು. ಹಳಕಟ್ಟಿಯವರು 1910ರಲ್ಲಿ ವಿಜಾಪುರದಲ್ಲಿ ಹುಟ್ಟುಹಾಕಿದ ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜು ಜಮಖಂಡಿಗೂ ಬಂದಿತು. ಕೊನೆಗೆ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವು ಜಮಖಂಡಿಯಲ್ಲಿಯೇ ಪ್ರಾರಂಭವಾಯಿತು. ಅಜ್ಜನು ಹೆಬ್ಬೆಟ್ಟು ಒತ್ತಿದ ಮನೆಯಲ್ಲಿ ಮೊಮ್ಮಗಳು ಎಂ.ಎ. ಓದುವಳು. ಇದಕ್ಕಿಂತ ಸಂತೋಷದ ಸಂಗತಿಯು ಯಾವದಿರುವದು?

ಆದರೆ ಈ ಸಂತೋಷದ ಹಿಂದೆಯೇ ಒಂದು ನೆರಳು ಬಂದಿರುವದು. ರಬಕವಿಯ ಒಬ್ಬ ನೇಕಾರನ ಮಗನನ್ನು ಕಲ್ಪಿಸಿಕೊಳ್ಳಿರಿ. ಅವನಿಗೆ ಯಾವ ಹೆಸರನ್ನಾದರೂ ಇಡಬಹುದು. ಅಂಥವನು ಪ್ರತಿಯೊಂದು ಓಣಿಯಲ್ಲಿಯೂ ಇರುವನು. ಶಾಲೆಯ ದಿನಗಳಲ್ಲಿ ಅವನು ಕೊಡ ಹೊತ್ತು ನೀರು ತಂದನು, ಹೊಳೆಯಲ್ಲಿ ಈಸಿದನು, ಬಯಲಿನಲ್ಲಿ ಕಬಡ್ಡಿ ಆಡಿದನು. ಕಾಲೇಜಿಗೆ ಸೇರಿದೊಡನೆ ಮನೆಯವರೆಲ್ಲರೂ ಕೂಡಿ ಅವನ ಕೈಯಿಂದ ಎಲ್ಲ ಕೆಲಸವನ್ನೂ ಕಸಿದುಕೊಂಡರು. ಆಡಲು ಹೊರಟರೆ ತಂದೆಯು, “ಆಟ ಆಡಾಕ ಕಳಸೀವೇನಪಾ ನಿನ್ನ? ಓದಾಕ ಕಳಸೇವಿ” ಎಂದನು. ಈ ಮಾತಿನಲ್ಲಿ ಕ್ರೌರ್ಯವಿಲ್ಲ, ಪ್ರೀತಿಯೇ ಇರುವದು. ತಾನು ಮೈಯಿಂದ ಬೆಂದವನು, ಮಗನಾದರೂ ನೆರಳಿನಲ್ಲಿ ಕುಳಿತು ಉಣ್ಣಲೆಂಬದೇ ಆ ತಂದೆಯ ಹಂಬಲ. ಮಗನು ಬಸ್ಸಿನಲ್ಲಿ ಕುಳಿತು ಕಾಲೇಜಿಗೆ ಹೋಗುವನು. ಅಲ್ಲಿ ಬಾಕಿನ ಮೇಲೆ ಕುಳಿತು ಪಾಠ ಕೇಳುವನು. ಮರಳಿ ಬಂದು ಕೋಣೆಯಲ್ಲಿ ಕುಳಿತು ಓದುವನು. ಓದು ಬೇಸರವಾದಾಗ ಹಾಸಿಗೆಯಲ್ಲಿ ಬಿದ್ದು ನಡುರಾತ್ರಿಯವರೆಗೆ ಮೊಬೈಲನ್ನು ನೋಡುವನು. ಆರು ತಿಂಗಳಲ್ಲಿ ನಿದ್ದೆ ಕೆಟ್ಟಿತು. ಒಂದು ವರುಷದಲ್ಲಿ ಎದೆಯಲ್ಲಿ ಕಾರಣವಿಲ್ಲದ ಡವಡವ ಹುಟ್ಟಿತು. ಓದಿದ್ದು ನೆನಪಿನಲ್ಲಿ ನಿಲ್ಲದಾಯಿತು. ಮನೆಯವರು ಸಾಲ ಮಾಡಿ ಶುಲ್ಕ ಕಟ್ಟಿದ್ದಾರೆಂಬ ವಿಚಾರವು ಗಾಣದ ಎತ್ತಿನಂತೆ ತಲೆಯಲ್ಲಿ ಸುತ್ತತೊಡಗಿತು. ಯಾರಿಗೂ ಹೇಳಿಕೊಳ್ಳಲಾರನು, ಹೇಳಿದರೆ ಸೊಕ್ಕು ಎನ್ನುವರು, ಇಲ್ಲವೆ ಗಾಳಿ ಸೋಕಿತು ಎನ್ನುವರು.

ಇದು ಕೇವಲ ಕಲ್ಪನೆಯಲ್ಲವೆಂಬದಕ್ಕೆ ಅಂಕೆಸಂಖ್ಯೆಗಳೇ ಸಾಕ್ಷಿಯಾಗಿರುವವು. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯು ಪ್ರಕಟಿಸಿದಂತೆ 2022ರ ಒಂದೇ ವರುಷದಲ್ಲಿ ಭಾರತದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಒಂದೊಂದು ಸಾವಿಗೂ ಕಾರಣಗಳು ಹಲವು ಇರುವವು. ಬಡತನ, ಅಪಮಾನ, ಪರೀಕ್ಷೆ, ಪ್ರೇಮಭಂಗ, ರೋಗ ಎಲ್ಲವೂ ಅದರಲ್ಲಿ ಕೂಡಿರುವವು. ವ್ಯಾಯಾಮವಿದ್ದರೆ ಇವರೆಲ್ಲರೂ ಉಳಿಯುತ್ತಿದ್ದರೆಂದು ಹೇಳುವದು ಅವಿಚಾರವಾದೀತು. ಆದರೆ ಇನ್ನೊಂದು ಸಂಖ್ಯೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಹೊರಗೆಡಹಿದ ವರದಿಯಂತೆ, 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ಸುಮಾರು 31 ಜನರು ಸಾಕಷ್ಟು ದೇಹಶ್ರಮವಿಲ್ಲದವರು. ಭಾರತದಲ್ಲಾದರೋ ಆ ಪ್ರಮಾಣವು ಹೆಚ್ಚು ಕಡಿಮೆ ಅರ್ಧಕ್ಕೆ ಮುಟ್ಟಿತ್ತು. ದುಡಿಮೆಯ ದೇಶವೆಂದು ಹೆಮ್ಮೆಪಡುವ ನಾಡು ಕುಳಿತ ದೇಶವಾಗಿರುವದು.

ದೇಹದ ಚಲನೆಗೂ ಮನಸ್ಸಿನ ನೆಮ್ಮದಿಗೂ ಸಂಬಂಧವೇನೆಂದು ಕೇಳಬಹುದು. ಆಧುನಿಕ ವೈದ್ಯಶಾಸ್ತ್ರವು ಇದನ್ನು ಪ್ರಯೋಗದಿಂದಲೇ ಶೋಧಿಸಿರುವದು. ಅಮೇರಿಕೆಯ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು ಖಿನ್ನತೆಯ ರೋಗವಿದ್ದ, 50 ವರುಷ ದಾಟಿದ 156 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಔಷಧ, ಮೂರನೆಯದಕ್ಕೆ ಎರಡನ್ನೂ ಕೊಟ್ಟರು. 1999ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ, 16 ವಾರಗಳ ತರುವಾಯ ಮೂರೂ ಗುಂಪುಗಳಲ್ಲಿ ಗುಣವು ಬಹುಮಟ್ಟಿಗೆ ಸಮನಾಗಿ ಕಂಡುಬಂದಿತು. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ 14,170 ಜನರನ್ನು ಒಳಗೊಂಡ 218 ಪ್ರಯೋಗಗಳನ್ನು ಕೂಡಿಸಿ ತೂಗಿದ ಲೇಖನವು ಹೊರಬಿದ್ದಿತು. ನಡಿಗೆ ಅಥವಾ ಓಟ, ಯೋಗಾಸನ, ಭಾರ ಎತ್ತುವ ವ್ಯಾಯಾಮ ಇವು ಖಿನ್ನತೆಯನ್ನು ಇಳಿಸುವವೆಂದು ಅದರಲ್ಲಿ ತೋರಿಬಂದಿತು. ಓದಿಗೆ ಬೇಕಾದ ನೆನಪಿನ ಮಾತನ್ನೂ ವಿಜ್ಞಾನಿಗಳು ಬಿಟ್ಟಿಲ್ಲ. 120 ಜನ ವೃದ್ಧರಲ್ಲಿ ಅರ್ಧದಷ್ಟು ಜನರನ್ನು ಒಂದು ವರುಷ ನಿಯಮದಿಂದ ನಡೆಸಿದಾಗ, ನೆನಪಿಗೆ ಆಧಾರವಾದ ಮೆದುಳಿನ ಭಾಗವು ಅವರಲ್ಲಿ ಸುಮಾರು ನೂರಕ್ಕೆ 2ರಷ್ಟು ಬೆಳೆದದ್ದು 2011ರಲ್ಲಿ ಪ್ರಕಟವಾಯಿತು. ಮುಪ್ಪಿನಲ್ಲಿಯೇ ಮೆದುಳು ಹೀಗೆ ಚಿಗುರುವದಾದರೆ ತಾರುಣ್ಯದಲ್ಲಿ ಅದನ್ನು ಬಾಡಿಸುವದು ಎಂಥ ನಷ್ಟವೆಂಬದನ್ನು ವಿದ್ಯಾರ್ಥಿಗಳೇ ವಿಚಾರಿಸಲಿ.

ಗ್ರಂಥವನ್ನು ನೋಡದವನಿಗೂ ಈ ಮಾತಿನ ಮರ್ಮವು ಅನುಭವದಿಂದ ತಿಳಿಯತಕ್ಕದ್ದೇ ಆಗಿರುವದು. ಚಿಂತೆಯುಳ್ಳವನಿಗೆ ಎದೆಯು ಬಡಿದುಕೊಂಡರೆ ಅವನು ಸಾವೇ ಬಂದಿತೆಂದು ಹೆದರುವನು. ದಿನವೂ ಓಡುವವನ ಎದೆಯೂ ಬಡಿದುಕೊಳ್ಳುವದು. ಆದರೆ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಶಾಂತವಾಗುವದನ್ನು ಅವನು ದಿನವೂ ಕಂಡಿರುವನು. ಏರಿದ್ದು ಇಳಿಯುವದೆಂಬ ಪಾಠವನ್ನು ಅವನ ಮೈಯೇ ಅವನಿಗೆ ಕಲಿಸಿರುವದು. ದಣಿದ ಮೈಗೆ ನಿದ್ದೆಯನ್ನು ಬೇಡಬೇಕಾಗಿಲ್ಲ; ನಿದ್ದೆಯಿದ್ದವನ ಮನಸ್ಸು ಮುಂಜಾನೆ ತೊಳೆದ ಪಾಟಿಯಂತೆ ಇರುವದು. ಕಾಲು ನಡೆಯುತ್ತಿರುವಾಗ ತಲೆಯಲ್ಲಿಯ ಗಾಣವು ಅಷ್ಟು ಹೊತ್ತಾದರೂ ನಿಲ್ಲುವದು. ನಿನ್ನೆ ಅಲುಗದ ಕಲ್ಲು ಇಂದು ಮೊಳಕಾಲಿನವರೆಗೆ ಎದ್ದಿತೆಂದರೆ, ಪರೀಕ್ಷೆಯಲ್ಲಿ ಸೋತವನಿಗೂ ತಾನು ಎಲ್ಲದರಲ್ಲಿಯೂ ಸೋತವನಲ್ಲವೆಂಬ ಧೈರ್ಯವು ಹುಟ್ಟುವದು. ಎಲ್ಲಕ್ಕಿಂತ ಮಿಗಿಲಾಗಿ, ಆಟದ ಬಯಲಿನಲ್ಲಿ ಗೆಳೆಯನೊಬ್ಬನು “ಯಾಕೋ ನಿನ್ನೆ ಬರಲಿಲ್ಲ?” ಎಂದು ಕೇಳುವನು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ.

ಹಾಗಾದರೆ ಎಷ್ಟು ಶ್ರಮ ಬೇಕು? ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹಾಕಿಕೊಟ್ಟ ಅಳತೆಯಂತೆ ವಯಸ್ಕನು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮವನ್ನಾದರೂ, 75ರಿಂದ 150 ನಿಮಿಷ ಹೆಚ್ಚಿನ ಶ್ರಮವನ್ನಾದರೂ ಮಾಡಬೇಕು. ಅದರೊಡನೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವಿರಬೇಕು. ಅಂದರೆ ವಾರದಲ್ಲಿ ಐದು ದಿನ ಅರ್ಧ ಅರ್ಧ ತಾಸಿನ ಬಿರುಸಾದ ನಡಿಗೆಯಿಂದಲೇ ಕನಿಷ್ಠ ಅಳತೆಯು ತುಂಬುವದು. ಈ ಮಿತಿಯ ವಿಚಾರವು ಭಾರತೀಯರಿಗೆ ಹೊಸದಲ್ಲ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಬಲವುಳ್ಳವನೂ ಸಹ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದು ವಿಧಿಸಿರುವನು. ಅತಿವ್ಯಾಯಾಮದಿಂದ ರೋಗಗಳು ಹುಟ್ಟುವವೆಂದೂ ಎಚ್ಚರಿಸಿರುವನು. ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿ ಕಳಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಕಾಯಕದಲ್ಲಿ ಯಾವ ಮಿತಿಯೋ ವ್ಯಾಯಾಮದಲ್ಲಿಯೂ ಅದೇ ಮಿತಿ.

ಇಲ್ಲಿ ಇನ್ನೊಂದು ಎಚ್ಚರವನ್ನೂ ಹೇಳಬೇಕಾಗಿರುವದು. ಈಗ ಪಟ್ಟಣಗಳಲ್ಲಿ ಜಿಮ್ಮುಗಳು ಹುಟ್ಟಿರುವವು, ಅವು ಒಳ್ಳೆಯವೇ. ಆದರೆ ಕನ್ನಡಿಯ ಮುಂದೆ ನಿಂತು ತೋಳಿನ ಸುತ್ತಳತೆಯನ್ನು ನೋಡಿ, ಅದರ ಚಿತ್ರ ತೆಗೆದು ಮೊಬೈಲಿನಲ್ಲಿ ಹಂಚಿ, ಮೆಚ್ಚುವವರು ಎಷ್ಟು ಜನರೆಂದು ಎಣಿಸುತ್ತ ಕೂಡುವವನಿಗೆ ನೆಮ್ಮದಿ ಎಲ್ಲಿಯದು? ಅವನು ಒಂದು ಚಿಂತೆಯನ್ನು ಬಿಟ್ಟು ಮತ್ತೊಂದನ್ನು ಕೊಂಡುಕೊಂಡನು. ಗೋರಕ್ಷನು ತನ್ನ ವಜ್ರದೇಹದ ಮೇಲೆ ಖಡ್ಗವು ಖಣಿಲೆಂದು ಸಿಡಿಯುವದನ್ನು ಹೆಮ್ಮೆಯಿಂದ ತೋರಿಸಿದಾಗ, ಪ್ರಭುದೇವರ ಮೈಯಲ್ಲಿ ಅದೇ ಖಡ್ಗವು ಬಯಲಿನಲ್ಲಿ ಆಡಿದಂತೆ ಆಡಿತೆಂಬ ಪ್ರಸಂಗವು ಪ್ರಭುಲಿಂಗಲೀಲೆಯಲ್ಲಿ ಬಂದಿರುವದು. ದೇಹವು ಗಟ್ಟಿಯಾಗುವದು ಸಾಧನ, ಗುರಿಯಲ್ಲ. ಮುಧೋಳದ ರನ್ನನೂ ಇದನ್ನು ಬಲ್ಲವನೇ. ಅವನ ಗದಾಯುದ್ಧದ ದುರ್ಯೋಧನನು ಗದೆಯಲ್ಲಿ ಯಾರಿಗೂ ಕಡಿಮೆಯಲ್ಲ. ಆದರೂ ರಣಭೂಮಿಯಲ್ಲಿ ಗುರುವನ್ನೂ ಗೆಳೆಯನನ್ನೂ ತಮ್ಮನನ್ನೂ ಹೆಣವಾಗಿ ಕಂಡು ಅವನ ಎದೆ ಒಡೆಯಿತು. ಬಲಶಾಲಿಯು ಅಳುವದಿಲ್ಲವೆಂಬ ಮಾತನ್ನು ಸಾವಿರ ವರುಷಗಳ ಹಿಂದೆಯೇ ಈ ನಾಡಿನ ಕವಿಯು ಸುಳ್ಳು ಮಾಡಿದನು.

ಆದಕಾರಣ ಮನಸ್ಸು ಬಹಳ ಕುಗ್ಗಿದ ವಿದ್ಯಾರ್ಥಿಗೆ “ನಾಲ್ಕು ಸುತ್ತು ಓಡು, ಎಲ್ಲ ಸರಿಹೋಗುವದು” ಎಂದು ಹೇಳಿ ಕೈತೊಳೆದುಕೊಳ್ಳುವದು ಪಾಪವೇ ಸರಿ. ಎರಡು ವಾರಗಳಿಗೂ ಮಿಕ್ಕಿ ಊಟ ನಿದ್ದೆಗಳು ಕೆಟ್ಟು, ಯಾವದರಲ್ಲಿಯೂ ಮನಸ್ಸಿಲ್ಲದೆ, ಬದುಕು ಬೇಡವೆಂಬ ಮಾತು ಬಾಯಿಗೆ ಬಂದರೆ, ಅವನನ್ನು ಒಬ್ಬನೇ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೇಂದ್ರ ಸರಕಾರವು 2022ರ ಅಕ್ಟೋಬರದಲ್ಲಿ ಪ್ರಾರಂಭಿಸಿದ ಟೆಲಿ ಮಾನಸ್ ಎಂಬ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಗಲಿರುಳೂ, ಹಣವಿಲ್ಲದೆ, ಕನ್ನಡದಲ್ಲಿಯೇ ಸಮಾಧಾನವೂ ಸಲಹೆಯೂ ದೊರೆಯುವವು. ಕಾಲು ಮುರಿದವನು ವೈದ್ಯನಲ್ಲಿಗೆ ಹೋಗುವದು ಹೇಗೆ ನಾಚಿಕೆಯಲ್ಲವೋ ಮನಸ್ಸು ಮುರಿದವನು ಹೋಗುವದೂ ಹಾಗೆಯೇ ನಾಚಿಕೆಯಲ್ಲ. ವ್ಯಾಯಾಮವು ವೈದ್ಯನಿಗೆ ಜೊತೆಗಾರನೇ ಹೊರತು ಬದಲಿಯಲ್ಲ.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಎತ್ತಬೇಕಾಗಿರುವದು. ಗರಡಿಯ ಬಾಗಿಲು ಅವರಿಗೆ ಎಂದೂ ತೆರೆದಿರಲಿಲ್ಲ. ಬೀಸುವ ಕಲ್ಲು ಹೋದದ್ದು ಒಳ್ಳೆಯದೇ. ಆದರೆ ಅದರ ಜಾಗದಲ್ಲಿ ಆಟದ ಬಯಲು ಬರಲಿಲ್ಲ. ಸಂಜೆಯಾದೊಡನೆ ವಸತಿಗೃಹದ ಬಾಗಿಲು ಮುಚ್ಚುವದು. ಬೀದಿಯಲ್ಲಿ ಬಿರುಸಾಗಿ ನಡೆದರೆ ನೋಡುವ ಕಣ್ಣುಗಳು ಹತ್ತು, ಆಡುವ ಬಾಯಿಗಳು ಇಪ್ಪತ್ತು. ಹುಡುಗಿಯು ಹೊರಗೆ ನಡೆಯುವದೇ ತಪ್ಪೆನ್ನುವವರು ಅಕ್ಕಮಹಾದೇವಿಯನ್ನು ನೆನೆಯಲಿ. ಉಡುತಡಿಯಿಂದ ಕಲ್ಯಾಣಕ್ಕೂ, ಕಲ್ಯಾಣದಿಂದ ಶ್ರೀಶೈಲಕ್ಕೂ ಆ ತಾಯಿಯು ಕಾಲ್ನಡಿಗೆಯಿಂದಲೇ ಹೋದಳು. ಅವಳ ಭಾವಚಿತ್ರಕ್ಕೆ ಹೂ ಏರಿಸಿ, ಅವಳ ಮಕ್ಕಳ ಕಾಲಿಗೆ ಸಂಕೋಲೆ ಹಾಕುವದು ಯಾವ ಭಕ್ತಿ?

ಇನ್ನು ಮಾಡತಕ್ಕ ಕೆಲಸವೇನು? ದಾರಿಯನ್ನು ಹೊಸದಾಗಿ ಕಡಿಯಬೇಕಾಗಿಲ್ಲ. ಹಿರಿಯರು ಕಡಿದ ದಾರಿಯ ಮೇಲೆ ಬೆಳೆದ ಹುಲ್ಲನ್ನು ಕಿತ್ತರೆ ಸಾಕು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಡದಲ್ಲಿ, ಬಾದಾಮಿಯ ಸಮೀಪದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ ವಟುಗಳಿಗೆ ಶಾಸ್ತ್ರಪಾಠದೊಡನೆ ಯೋಗಾಭ್ಯಾಸವನ್ನೂ ಕೂಡಿಸಿದರು. ಕರ್ನಾಟಕದ ಗಾಂಧಿಯೆನಿಸಿದ ಹರ್ಡೇಕರ ಮಂಜಪ್ಪನವರು ಕೃಷ್ಣೆಯ ದಡದ ಆಲಮಟ್ಟಿಯಲ್ಲಿ ನಡೆಸಿದ ವಿದ್ಯಾಲಯದಲ್ಲಿ ಓದಿನೊಡನೆ ಕೈಕೆಲಸಕ್ಕೂ ಸ್ಥಾನವಿತ್ತು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಊರೂರಿಗೆ ಹೋಗಿ ತರುಣರಿಗೆ ಯೋಗವನ್ನೂ ವ್ಯಾಯಾಮವನ್ನೂ ಕಲಿಸಿದರು. ಇವರಲ್ಲಿ ಯಾರೂ ದೇಹವನ್ನು ವಿದ್ಯೆಯ ವೈರಿಯೆಂದು ಬಗೆಯಲಿಲ್ಲ.

ಮಠಗಳ ಪ್ರಸಾದನಿಲಯಗಳಲ್ಲಿಯೂ ಕಾಲೇಜುಗಳ ವಸತಿಗೃಹಗಳಲ್ಲಿಯೂ ದಿನಕ್ಕೆ ಒಂದು ತಾಸನ್ನು ಕಾಯದ ತಾಸೆಂದು ಮೀಸಲಿಡಬೇಕು. ಆ ಹೊತ್ತಿನಲ್ಲಿ ಕೆಲವರು ನಡೆಯಲಿ, ಕೆಲವರು ಸೂರ್ಯನಮಸ್ಕಾರ ಹಾಕಲಿ, ಕೆಲವರು ಖೋಖೋ ಆಡಲಿ, ಕೆಲವರು ತೋಟಕ್ಕೆ ನೀರು ಹಾಯಿಸಲಿ. ಸ್ಪರ್ಧೆಯಲ್ಲಿ ಗೆಲ್ಲುವ ಹತ್ತು ಜನರಿಗಾಗಿ ಮೈದಾನವಿದ್ದು, ಉಳಿದ ಐದುನೂರು ಜನರು ಕಟ್ಟೆಯ ಮೇಲೆ ಕುಳಿತು ಚಪ್ಪಾಳೆ ತಟ್ಟುವ ಪದ್ಧತಿಯು ನಿಲ್ಲಬೇಕು. ಸೋಲುವವನಿಗೂ, ದಪ್ಪಗಿದ್ದವನಿಗೂ, ಅಂಗವಿಕಲನಿಗೂ ಅವನ ಶಕ್ತಿಗೆ ತಕ್ಕ ಚಲನೆಯು ದೊರೆಯಬೇಕು. ವಿದ್ಯಾರ್ಥಿನಿಯರಿಗೆ ನಿರ್ಭಯವಾದ ಸ್ಥಳವೂ ಹೊತ್ತೂ ನಿಶ್ಚಿತವಾಗಿರಬೇಕು. ಪರೀಕ್ಷೆ ಬಂದಿತೆಂದು ಈ ತಾಸನ್ನು ತೆಗೆದುಹಾಕಬಾರದು. ಮಳೆ ಬಂದಾಗಲೇ ಕೊಡೆ ಮುಚ್ಚಿದಂತೆ ಅದು ಆಗುವದು. ತಂದೆತಾಯಿಗಳೂ ರಜೆಗೆ ಬಂದ ಮಗನನ್ನು ಅತಿಥಿಯಂತೆ ಕೂಡ್ರಿಸದೆ ಹೊಲಕ್ಕೆ ಕರೆದೊಯ್ಯಲಿ, ಮಗಳೊಡನೆ ಹೊಳೆಯ ದಂಡೆಯವರೆಗೆ ನಡೆದು ಬರಲಿ. ಜೊತೆಗೆ ನಡೆಯುವಾಗ ಮಕ್ಕಳು ಮನೆಯಲ್ಲಿ ಹೇಳದ ಮಾತನ್ನು ಹೇಳುವರು.

ಇದು ಸಾಧ್ಯವೇ ಎಂದು ಸಂಶಯಪಡುವವರು ಜಮಖಂಡಿಯ ಹತ್ತಿರದ ಚಿಕ್ಕಪಡಸಲಗಿಗೆ ಹೋಗಿ ನೋಡಲಿ. ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಕೃಷ್ಣಾತೀರದ ರೈತರು ತಮ್ಮ ಹಣವನ್ನೂ ಬೆವರನ್ನೂ ಸುರಿದು 1989ರಲ್ಲಿ ಅಲ್ಲಿ ಬ್ಯಾರೇಜನ್ನು ಕಟ್ಟಿ ಮುಗಿಸಿದರು. ಅದಕ್ಕೆ ಬಂದ ಹೆಸರು ಶ್ರಮಬಿಂದು ಸಾಗರ. ಬೆವರಿನ ಹನಿಯು ಸಾಗರವಾಗುವದೆಂಬ ಮಾತು ಈ ನಾಡಿನಲ್ಲಿ ಅಲಂಕಾರವಲ್ಲ, ಕಣ್ಣಿಗೆ ಕಾಣುವ ನೀರು. ಆ ನೀರಿನಿಂದ ಬೆಳೆದ ಕಬ್ಬಿನ ಹಣದಲ್ಲಿ ಓದುತ್ತಿರುವ ಮಕ್ಕಳಿಗೆ ಬೆವರಿನ ಪರಿಚಯವೇ ಇಲ್ಲದಂತೆ ಮಾಡುವದು ನ್ಯಾಯವೇ?

ವಿದ್ಯಾರ್ಥಿ ಚಿರಂಜೀವಿಗಳೇ, ಕೊರಳಲ್ಲಿ ಇಷ್ಟಲಿಂಗವನ್ನು ಧರಿಸುವವನು ಅದನ್ನು ಹೊತ್ತ ಅಂಗವನ್ನು ತುಚ್ಛವೆಂದು ಬಗೆಯಲಾಗದು. ಬಸವಣ್ಣನವರು ದೇವಾಲಯವನ್ನು ಹೊರಗೆ ಹುಡುಕದೆ ಈ ಶರೀರದಲ್ಲಿಯೇ ಕಂಡರು. ಗುಡಿಯ ಕಸ ಗುಡಿಸದೆ, ಕಿಟಕಿ ತೆರೆಯದೆ, ಗಾಳಿ ಬೆಳಕು ಬಾರದಂತೆ ಮುಚ್ಚಿ, ಒಳಗೆ ದೀಪವು ಏಕೆ ಆರಿತೆಂದು ಕೇಳುವದು ಸಲ್ಲದು. ನಾಳೆ ಮುಂಜಾನೆ ಪುಸ್ತಕವನ್ನು ಬಿಚ್ಚುವ ಮೊದಲು ಅರ್ಧ ತಾಸು ಊರ ಹೊರಗಿನ ದಾರಿಯಲ್ಲಿ ನಡೆಯಿರಿ. ಒಬ್ಬರೇ ಹೋಗಬೇಡಿರಿ, ಎರಡು ಮೂರು ದಿನಗಳಿಂದ ಕೋಣೆಯಿಂದ ಹೊರಗೆ ಬಾರದ ಗೆಳೆಯನ ಬಾಗಿಲನ್ನು ತಟ್ಟಿ, ಅವನನ್ನೂ ಕರೆದುಕೊಂಡು ಹೋಗಿರಿ. ಈ ಮಹೋತ್ಸವದ ನೆನಪಿಗೆ ಅದಕ್ಕಿಂತ ಹಿರಿದಾದ ಸೇವೆಯು ಬೇರೊಂದಿಲ್ಲ.

ಸರ್ವರಿಗೂ ಶ್ರೀಗುರು ಬಸವೇಶ್ವರನು ಆಯುರಾರೋಗ್ಯವನ್ನೂ ಮನಃಶಾಂತಿಯನ್ನೂ ಕರುಣಿಸಲಿ.

ಮಂಗಳಂ.